ನೇರಳೆ ಬೆರಳು

ಮಾರ್ಚ್ 3

ಮಗಳೇ,

ನೀನು ಹೋಗಿ ಐದು ವಾರವಾಯಿತು. ನಿನ್ನ ಮಗಳು ಮೊದಲ ವಾರ ಅತ್ತಳು, ಎರಡನೆಯ ವಾರ ಮುನಿಸಿಕೊಂಡಳು, ಮೂರನೆಯ ವಾರದಿಂದ ಅಂಚೆ ಇಲಾಖೆಯ ಕೆಲಸಕ್ಕೆ ಸೇರಿದ್ದಾಳೆ. ಅಂಚೆ ಕಚೇರಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ ಆದರೂ ಒಳಬಾಗಿಲಿನಿಂದ ಬರಲು ಬಟಾಣಿ ಒಪ್ಪುವುದಿಲ್ಲ. ಹಿತ್ತಲಿನಿಂದ ಸುತ್ತಿಕೊಂಡು, ಮೆಟ್ಟಿಲು ಹತ್ತಿ, ಮುಂಬಾಗಿಲಿನಿಂದಲೇ ಬರುತ್ತಾಳೆ. ಸಂಜೆ ಬಸ್ಸಿಗೆ ಚೀಲ ಕಟ್ಟುವ ಮುಂಚೆ ಹೋಗುವ ಕಾಗದಗಳಿಗೆ ಠಸ್ಸೆ ಒತ್ತಬೇಕಲ್ಲ, ಅದು ಅವಳ ಪಾಲು. ನಾನು ಲಕೋಟೆ ಹಿಡಿದುಕೊಳ್ಳುತ್ತೇನೆ. ಅವಳು ಎರಡೂ ಕೈಯಲ್ಲಿ ಠಸ್ಸೆ ಎತ್ತಿ, ಶಾಯಿ ಪ್ಯಾಡಿಗೆ ಕುಟ್ಟಿ, ಅಂಚೆಚೀಟಿಯ ಮೇಲೆ ನಟ್ಟನಡುವೆ ಇಳಿಸುತ್ತಾಳೆ. ಮೂರೂವರೆ ವರ್ಷಕ್ಕೆ ಅಷ್ಟು ನೇರವಾದ ಕೈಯನ್ನು ನಾನು ಕಂಡಿಲ್ಲ. ನಿಯಮದ ಪ್ರಕಾರ ತಪ್ಪು. ಮೂವತ್ತೊಂದು ವರ್ಷ ನಿಯಮ ಮೀರದವನಿಗೆ ಇದೊಂದು ಇರಲಿ.

ಬೆರಳುಗಳು ಮಾತ್ರ ಸದಾ ನೇರಳೆ. ಸೋಪು ಹಾಕಿ ತಿಕ್ಕಿದರೆ ಸೋಪು ನೇರಳೆಯಾಗುತ್ತದೆ, ಬೆರಳು ಹಾಗೇ ಇರುತ್ತದೆ.

ಕಳೆದ ಗುರುವಾರ ಚಮಚದ ಅಕ್ಕ ಬಂದಿದ್ದಳು. ಆರು ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಬಂದು ಐದು ವರ್ಷದೊಳಗಿನ ಮಕ್ಕಳ ಬಾಯಿಗೆ ಒಂದೊಂದು ಚಮಚ ವಿಟಮಿನ್ ಎ ಹಾಕಿ ಹೋಗುತ್ತಾಳಲ್ಲ, ಅವಳೇ. ಅವಳು ಬರುವ ದಿನದ ಚೀಟಿಯನ್ನು ನೂರಹನ್ನೆರಡು ಮನೆಗೂ ಬಟವಾಡೆ ಮಾಡಿದವನು ನಾನು. ಒಂದೇ ಮಗುವಿಗೆ ಎರಡು ಸಲ ಆಗಬಾರದೆಂದು, ಕುಡಿದ ಮಗುವಿನ ಎಡಗೈ ಕಿರುಬೆರಳಿಗೆ ನೇರಳೆ ಗುರುತು ಹಾಕುತ್ತಾಳೆ. ನಮ್ಮ ಬಾಗಿಲಿಗೆ ಬರುವಾಗ ಮಧ್ಯಾಹ್ನ ದಾಟಿತ್ತು. "ಎಲ್ಲಿ ಪುಟ್ಟಾ, ಬೆರಳು ತೋರ್ಸು" ಅಂದಳು. ಬಟಾಣಿ ಮುಷ್ಟಿ ಬಿಗಿದು ಕಿರುಬೆರಳೊಂದನ್ನೇ ಗತ್ತಿನಿಂದ ಮುಂದೆ ಚಾಚಿದಳು. "ಓ, ಇವಳದ್ದು ಆಯ್ತಲ್ಲ" ಎಂದು ಅಕ್ಕ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮುಂದೆ ಹೋದಳು. ಬೆಳಿಗ್ಗೆ ಬಟಾಣಿ ಎದುರುಮನೆ ಅಜ್ಜಿಯ ಜೊತೆ ಕೆಳಬೀದಿಗೆ ಹೋಗಿದ್ದಳು, ಅಲ್ಲೇ ಕುಡಿಸಿರಬೇಕು.

ಬಟಾಣಿಯ ಅಪ್ಪನ ಕಾಗದ ಈ ತಿಂಗಳೂ ಇಲ್ಲ. ಬಾರದ ಕಾಗದವನ್ನು ಬಟವಾಡೆ ಮಾಡುವ ವಿದ್ಯೆ ನನಗಿಲ್ಲ.

ಊಟದ ಚಿಂತೆ ಬೇಡ. ನನಗೆ ಎರಡು ಅಡುಗೆ ಬರುತ್ತದೆ: ಗಂಜಿ ಮತ್ತು ಗಟ್ಟಿ ಗಂಜಿ.

ನಿನ್ನ ಅಪ್ಪ

*

ಮಾರ್ಚ್ 19

ಅಪ್ಪಾ,

ಲಕೋಟೆ ತಲುಪಿತು. ಠಸ್ಸೆ ನಿಜವಾಗಿಯೂ ನಟ್ಟನಡುವೆ ಇತ್ತು. ಜೊತೆಯವರಿಗೆಲ್ಲ ತೋರಿಸಿದೆ.

ಮೊಟ್ಟೆಮನೆಯ ಕೆಲಸ ಎಂಥದ್ದೆಂದು ನಾನು ಹೊರಡುವಾಗ ಕೇಳಿದ್ದಿರಿ. ಮರಿ ಮಾಡಿಸುವ ಮೊಟ್ಟೆಗಳು ತಟ್ಟೆಗಟ್ಟಲೆ ಬರುತ್ತವೆ. ನಾವು ಎಂಟು ಹೆಂಗಸರು ಕಿಟಕಿಯಿಲ್ಲದ ಕತ್ತಲೆ ಕೋಣೆಯಲ್ಲಿ ನಿಂತು, ಒಂದೊಂದನ್ನೂ ದೀಪದ ಮೇಲೆ ಹಿಡಿದು ನೋಡಬೇಕು. ಜೀವ ಇದ್ದರೆ ಒಳಗೆ ಜೇಡದ ಕಾಲಿನಂತೆ ಕೆಂಪು ಎಳೆಗಳು ಕಾಣುತ್ತವೆ. ಇಲ್ಲದಿದ್ದರೆ ಖಾಲಿ, ಬರೀ ಹಳದಿ ಬೆಳಕು. ಹೊಸಬರು ಬಿಸಿಲಿನಿಂದ ಒಳಗೆ ಬಂದ ಕೂಡಲೇ ಗೋಡೆ ತಡವುತ್ತಾರೆ, ತಟ್ಟೆ ಎಡವುತ್ತಾರೆ. ಕಾಲುಗಂಟೆ ಬೇಕು ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು. ಮೇಲ್ವಿಚಾರಕಿ ಒಳ್ಳೆಯವಳು. "ನೋಡೋದಕ್ಕೆ ಅವಸರ ಮಾಡಬೇಡ್ರೇ, ನೋಡೋದೇ ನಿಮ್ಮ ಕೆಲಸ" ಅನ್ನುತ್ತಾಳೆ.

ಖಾಲಿ ಮೊಟ್ಟೆಗಳನ್ನು ನಮಗೇ ಕೊಡುತ್ತಾರೆ. ದಿನಾ ಬೇಯಿಸಿ ತಿನ್ನುತ್ತೇವೆ, ಸಾಕಾಗಿಹೋಗಿದೆ. ಪ್ರತಿ ಸಲ ಸಿಪ್ಪೆ ಬಿಡಿಸುವಾಗ ಒಂದನ್ನು ಬಟಾಣಿಗೆ ಅಂಚೆಯಲ್ಲಿ ಹಾಕಿಬಿಡೋಣ ಅನಿಸುತ್ತದೆ. ಅವಳು ಸೊಪ್ಪು ತಿನ್ನುತ್ತಾಳಾ? ಗಂಜಿಯ ಬಗ್ಗೆ ನೀವು ತಮಾಷೆ ಮಾಡಿದ್ದೀರಿ ಅಂತ ಅಂದುಕೊಂಡಿದ್ದೇನೆ.

ಗೇಟಿನಲ್ಲೇ ಫೋನು ಇಸಿದುಕೊಳ್ಳುತ್ತಾರೆ. ಕಾಗದವೇ ವಾಸಿ.

ಇಲ್ಲಿಂದ ನಿಮ್ಮ ಮಗಳು

*

ಜುಲೈ 8

ಮಗಳೇ,

ಮೊಟ್ಟೆಯ ವಿಷಯ. ಒಡೆಯುವ ವಸ್ತು, ಸೋರುವ ವಸ್ತು, ಕೊಳೆಯುವ ವಸ್ತು ಅಂಚೆಯಲ್ಲಿ ನಿಷಿದ್ಧ. ಮೊಟ್ಟೆ ಮೂರೂ ಹೌದು. ನೀನು ಬಿಟ್ಟುಹೋದ ಎರಡು ಕೋಳಿಗಳು ಮೇ ತಿಂಗಳ ರೋಗದಲ್ಲಿ ಹೋದವು. ಊರಿನ ಹಾಲು ಬೆಳಗಿನ ಲಾರಿಯಲ್ಲಿ ಪೇಟೆಗೆ ಹೋಗುತ್ತದೆ. ಸೊಪ್ಪನ್ನು ನಿನ್ನ ಮಗಳು ನಾಲಗೆಯಿಂದ ಹುಡುಕಿ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಅಂಟಿಸುತ್ತಾಳೆ. ನಾನು ಬಲವಂತ ಮಾಡಿಲ್ಲ. ಗಂಜಿ ತಮಾಷೆಯಲ್ಲ.

ಸಂತೋಷದ ಸುದ್ದಿಯೂ ಇದೆ. ಬಟಾಣಿ ಸಾಧುವಾಗಿದ್ದಾಳೆ. ಮೊದಲೆಲ್ಲ ಸಂಜೆ ಅವಳನ್ನು ಅಂಗಳದಿಂದ ಒಳಗೆ ತರಬೇಕಾದರೆ ನಾನು, ಅಜ್ಜಿ, ಒಂದು ಕೋಲು, ಇಷ್ಟು ಬೇಕಾಗುತ್ತಿತ್ತು. ಈಗ ಹೊತ್ತು ಮುಳುಗುವ ಹೊತ್ತಿಗೆ ತಾನಾಗಿಯೇ ಒಳಗೆ ಬಂದು ಚೀಲದ ಬೆಂಚಿನ ಮೇಲೆ ಕೂರುತ್ತಾಳೆ. ಕೂರಿಸಿದ ಕಡೆ ಕೂತಿರುತ್ತಾಳೆ. ಓಡುವುದಿಲ್ಲ, ಡಬ್ಬಿ ಎಳೆಯುವುದಿಲ್ಲ. ಎದುರುಮನೆ ಅಜ್ಜಿ ನಿನ್ನೆ ಬಂದವಳು, "ಏನು ಮಾಸ್ತರೇ, ಇದಕ್ಕೆ ಏನು ಹೇಳಿಕೊಟ್ರಿ? ನನ್ನ ಮೊಮ್ಮಕ್ಕಳಿಗೂ ಸ್ವಲ್ಪ ಹೇಳಿ, ಮನೆಯ ಹಂಚು ಉಳಿದೀತು" ಎಂದಳು. ನಾನೇನೋ ಹೇಳಿಕೊಟ್ಟವನಂತೆ ನಕ್ಕೆ.

ಠಸ್ಸೆಯ ಕೆಲಸಕ್ಕೆ ಮಾತ್ರ ರಜೆಯಿಲ್ಲ. ಮಳೆಗಾಲದ ಸಂಜೆ ಕೋಣೆ ಮಬ್ಬು, ಆದರೂ ಬಿಡುವುದಿಲ್ಲ.

ಒಂದು ಸಲ ಬೈದೆ. ದಾರಿಯಲ್ಲೇ ಇದ್ದ ಬಕೆಟ್ಟಿನೊಳಗೆ ಕಾಲಿಟ್ಟು ನೀರೆಲ್ಲ ಚೆಲ್ಲಿದಳು. "ಕಣ್ಣು ಎಲ್ಲಿಟ್ಟಿದ್ದೆ?" ಅಂದೆ. "ಇಲ್ಲೇ" ಎಂದು ಮುಟ್ಟಿ ತೋರಿಸಿದಳು.

ಅಪ್ಪ, ಮತ್ತು ಸಹಾಯಕ ಅಂಚೆ ಮಾಸ್ತರಿಣಿ

*

ಜುಲೈ 25

ಅಪ್ಪಾ,

ಬಕೆಟ್ಟಿನ ಕಥೆ ಕತ್ತಲೆ ಕೋಣೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಸಂಜೆ ಕೂತಲ್ಲೇ ಕೂತಿರುತ್ತಾಳೆ ಅಂದರೆ ದೊಡ್ಡವಳಾದಳು ಅಂತ ಅರ್ಥ. ಇಲ್ಲಿ ಒಬ್ಬಳಿಗೆ ಅದೇ ವಯಸ್ಸಿನ ಮಗನಿದ್ದಾನೆ. "ನಿನ್ನ ಪುಣ್ಯ ಕಣೇ, ನಂದು ಸಂಜೆಯಾದ್ರೆ ಕೋತಿ" ಅಂದಳು. ನನಗೆ ಜಂಬ ಬಂತು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಅಳುವೂ ಬಂತು. ನಾನಿಲ್ಲದೆಯೇ ಸಾಧುವಾದಳಲ್ಲ ಎಂದು.

ಒಂದು ದೂರು. ಈ ಸಲ ಠಸ್ಸೆ ಅರ್ಧ ಅಂಚೆಚೀಟಿಯ ಮೇಲೆ, ಅರ್ಧ ಹೊರಗೆ ಬಿದ್ದಿದೆ. ಹೊರಗಿನ ಅರ್ಧ ನಿಮ್ಮ ಮೇಜಿನ ಮೇಲೆ ಇರಬೇಕು, ಹುಡುಕಿ. ನಿಮ್ಮ ಕೈ ನಡುಗುತ್ತಿದೆಯೇ ಅಪ್ಪಾ? ತೋರಿಸಿಕೊಳ್ಳಿ. ವಯಸ್ಸಾದ ಮೇಲೆ ಉದಾಸೀನ ಮಾಡಬಾರದು.

ಮಗಳು

*

ಸೆಪ್ಟೆಂಬರ್ 12

ಮಗಳೇ,

ನನ್ನ ಕೈ ಸರಿಯಾಗಿದೆ.

ಹೋದ ತಿಂಗಳ ಕೊನೆಗೆ ಚಮಚದ ಅಕ್ಕ ಎರಡನೆಯ ಸಲ ಬಂದು ಹೋದಳು. ಆಗ ನಾನು ಬಟವಾಡೆಗೆ ಹೋಗಿದ್ದೆ. ಬಂದು ಕೇಳಿದೆ: "ಅಕ್ಕ ಬಂದಿದ್ದಳಾ?" "ಬಂದಿದ್ದಳು." "ಬೆರಳು ನೋಡಿದಳಾ?" "ನೋಡಿ ಜಾಣೆ ಅಂದಳು."

ಅದು ಮುಗಿದ ವಾರಕ್ಕೇ ಬೀದಿಗೆ ದಡಾರ ಬಂತು. ಏಳು ಮಕ್ಕಳಿಗೆ ಆಯಿತು, ನಮ್ಮವಳಿಗೂ. ಜ್ವರ ಈಗ ಇಳಿದಿದೆ. ಏನು ಕೊಟ್ಟರೂ ಕಕ್ಕುತ್ತಾಳೆ, ಗಂಜಿಯ ತಿಳಿಯೊಂದು ನಿಲ್ಲುತ್ತದೆ. ಕಣ್ಣು ಬಿಡುತ್ತಿಲ್ಲ. ಬೆಳಕು ಚುಚ್ಚುತ್ತದಂತೆ. ದಡಾರದಲ್ಲಿ ಎಲ್ಲ ಮಕ್ಕಳೂ ಹಾಗೇ ಎನ್ನುತ್ತಾರೆ. ಉಳಿದ ಆರೂ ಮಕ್ಕಳು ಕಣ್ಣು ಬಿಟ್ಟಿದ್ದಾರೆ.

ಇದಕ್ಕೆ ಮುಂಚೆಯೇ ಎಡಗಣ್ಣಿನ ಬಿಳಿಯಲ್ಲಿ ಸೋಪಿನ ನೊರೆಯಂಥ ಒಂದು ಚುಕ್ಕೆ ಇತ್ತು. ಒರೆಸಿದರೆ ಹೋಗುತ್ತಿತ್ತು, ಮರುದಿನ ಬರುತ್ತಿತ್ತು. ಮುಖ ತೊಳೆಯುವಾಗ ಸೋಪು ಉಳಿಸುತ್ತೀರಿ ಎಂದು ಅಜ್ಜಿ ನನ್ನನ್ನು ಬೈದಿದ್ದಳು. ಅದಕ್ಕೂ ಇದಕ್ಕೂ ಸಂಬಂಧವಿದೆಯೋ ಇಲ್ಲವೋ. ಬರೆದಿದ್ದೇನೆ, ಅಷ್ಟೆ.

ಮಲಗಿದಲ್ಲೇ ಠಸ್ಸೆ ಕೇಳಿದಳು. ಹಾಸಿಗೆಗೇ ತಂದುಕೊಟ್ಟೆ.

ಅಪ್ಪ

*

ಸೆಪ್ಟೆಂಬರ್ 15

ಬಾ.

ಇಂದು ರೆಪ್ಪೆ ಬಿಡಿಸಿ ನೋಡಿದೆ. ಎಡಗಣ್ಣಿನ ಕಪ್ಪು ಬೂದಿಯಾಗಿದೆ. ಅಂಗಡಿಯ ಫೋನಿನಿಂದ ನಿನ್ನ ಮೊಟ್ಟೆಮನೆಗೆ ನಾಲ್ಕು ಸಲ ಮಾಡಿದೆ. ಹೊಡೆದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ. ದೊಡ್ಡಾಸ್ಪತ್ರೆಗೆ ಹೊರಟಿದ್ದೇವೆ. ಇದು ನಿನಗೆ ಮುಟ್ಟುವ ಹೊತ್ತಿಗೆ ಅಲ್ಲಿ ಏನಾಗಬೇಕೋ ಅದು ಆಗಿರುತ್ತದೆ.

*

ಅಕ್ಟೋಬರ್ 14

ಅಪ್ಪಾ,

ಹನ್ನೊಂದು ದಿನದ ರಜೆ ಮುಗಿದು ಬಂದಾಗಿನಿಂದ ಕತ್ತಲೆ ಕೋಣೆಯಲ್ಲಿ ತಪ್ಪು ಮಾಡುತ್ತಿದ್ದೇನೆ. ಜೀವ ಇರುವುದನ್ನು ಖಾಲಿ ಮೊಟ್ಟೆಗಳ ಬುಟ್ಟಿಗೆ ಹಾಕಿಬಿಡುತ್ತೇನೆ. ನಿನ್ನೆ ಒಂದನ್ನು ಒಡೆದ ಮೇಲೆ ತಿಳಿಯಿತು.

ಎಡಗಣ್ಣು ಕರಗಿಹೋಗಿದೆ ಅಂದರಲ್ಲ ಡಾಕ್ಟರು, ಬಲಗಣ್ಣನ್ನು ಉಳಿಸಿದ್ದೇವೆ ಅಂದರಲ್ಲ, ಅವೆರಡು ಮಾತು ಒಂದೇ ಉಸಿರಿನಲ್ಲಿ ಹೇಗೆ ಹೇಳಿದರು? ಅಲ್ಲಿ ಮೂರು ಸಲ ಕುಡಿಸಿದ್ದು ಚಮಚದ ಅಕ್ಕ ಹಾಕುವ ಅದೇ ವಿಟಮಿನ್ ಎ. ಎರಡನೆಯ ಚಮಚಕ್ಕೇ ಅವಳು ಸಂಜೆ ಹಾಸಿಗೆಯಿಂದ ಇಳಿದು, ಎದುರಿನ ಮಂಚದ ಹತ್ತಿರ ನಡೆದು ಹೋದಳು. ನೀವು ನೋಡಿದಿರಿ. ಮೂರು ತಿಂಗಳಿಂದ ಸಂಜೆ ಸಾಧುವಾಗಿ ಕೂತಿದ್ದು ಹೊತ್ತು ಮುಳುಗಿದರೆ ಕಣ್ಣು ಕಾಣದೆ ಅಂತ ಆಗ ಗೊತ್ತಾಯಿತು. ನೀವು ಎದ್ದು ವರಾಂಡಕ್ಕೆ ಹೋದಿರಿ.

ಡಾಕ್ಟರು ಕೇಳಿದಾಗ "ಕುಡಿಸಿದ್ದಾರೆ, ಎರಡು ಸಲ, ಪುಸ್ತಕದಲ್ಲಿದೆ" ಅಂದಿರಿ. ಅವರು ತಲೆ ಅಲ್ಲಾಡಿಸಿದರು. "ಇವಳ ಹೊಟ್ಟೆಗೆ ಅದು ಹೋದ ಹಾಗೆ ಕಾಣಲ್ಲ." ನನಗೆ ಅಷ್ಟು ಸಾಕು. ಆ ಹೆಂಗಸು ಮನೆಮನೆಗೆ ಹೋಗದೆ ಮರದ ಕೆಳಗೆ ಕೂತು ಗುರುತು ಹಾಕಿದ್ದಾಳೆ. ಔಷಧಿಯನ್ನು ಎಲ್ಲಿ ಚೆಲ್ಲಿದಳೋ. ನಿಮ್ಮ ಕಡೆಯ ಆರೋಗ್ಯ ಕಚೇರಿಗೆ ಮೂರು ಪುಟ ಬರೆದಿದ್ದೇನೆ. ಇದರ ಹಿಂದೆಯೇ ಅದೂ ನಿಮ್ಮ ಚೀಲದಲ್ಲಿ ಬರುತ್ತದೆ.

ಮಗಳು

*

ನವೆಂಬರ್ 2

ಮಗಳೇ,

ನಿನ್ನ ಇನ್ನೊಂದು ಕಾಗದ ಬಂತು. ಬಂದ ದಿನದ ಠಸ್ಸೆ ಒತ್ತಿ, ಆರೋಗ್ಯ ಕಚೇರಿಗೆ ತಲುಪಿಸಿದೆ.

ಬಟಾಣಿ ಎಡಗಡೆಯ ಬಾಗಿಲುಕಂಬಕ್ಕೆ ಈಗ ದಿನಕ್ಕೆ ಎರಡು ಸಲವಷ್ಟೇ ತಾಗುತ್ತಾಳೆ. ಮೊದಲು ಏಳೆಂಟು ಇತ್ತು. ಕಂಬಕ್ಕೆ ಹಳೆಯ ಅಂಚೆಚೀಲ ಸುತ್ತಿದ್ದೇನೆ. ಆಸ್ಪತ್ರೆಯವರು ಬರೆದುಕೊಟ್ಟಂತೆ ಕುಂಬಳ, ಸೊಪ್ಪು ಅರೆದು ಗಂಜಿಗೆ ಬೆರೆಸುತ್ತೇನೆ. ತಿನ್ನುತ್ತಾಳೆ.

ಬೇರೆ ಬರೆಯಲು ಏನೂ ಇಲ್ಲ.

ಅಪ್ಪ

*

ಜನವರಿ 16

ಮಗಳೇ,

ಬೇರೆ ಬರೆಯಲು ಇತ್ತು.

ನೀನು ಆಸ್ಪತ್ರೆಗೆ ಬಂದು ಮುಟ್ಟಿದ ದಿನ, ನೀರಿನ ಬಾಟಲಿ ತುಂಬಿಸಲು ನೀನು ಕೆಳಗೆ ಹೋಗಿದ್ದೆ. ಡಾಕ್ಟರು ನಾಡಿ ನೋಡಲು ಬಟಾಣಿಯ ಕೈ ತಿರುಗಿಸಿದರು. ಹತ್ತು ದಿನ ಜ್ವರದಲ್ಲಿ ಮಲಗಿದ ಮಗು, ಆದರೂ ಉಗುರಿನ ಸಂದಿಯಲ್ಲಿ ನೇರಳೆ. "ಇದೇನಜ್ಜ, ಕೈಗೆ?" ಎಂದರು. ನಾನು "ಆಟ" ಎಂದೆ. ಅವರು ಮುಂದಿನ ಹಾಸಿಗೆಗೆ ಹೋದರು. ನಾನು ಅವಳ ಕಿರುಬೆರಳನ್ನು ಹಿಡಿದುಕೊಂಡು ನಿಂತೆ. ನೀನು ಮೇಲೆ ಬಂದಾಗ ಹಾಗೇ ನಿಂತಿದ್ದೆ. ನಿನಗೆ ಅದು ಅಕ್ಕರೆಯಂತೆ ಕಂಡಿರಬೇಕು.

ಚಮಚದ ಅಕ್ಕ ಮರದ ಕೆಳಗೆ ಕೂತಿರಲಿಲ್ಲ. ಎರಡು ಸಲವೂ ಬಂದಳು, ಬೆರಳು ನೋಡಿದಳು. ಬೆರಳು ನೇರಳೆ ಇತ್ತು. ಅದು ಅವಳ ಗುರುತಲ್ಲ, ನನ್ನ ಪ್ಯಾಡು. ಮೊದಲನೆಯ ಸಲ ನಾನು ಪಕ್ಕದಲ್ಲೇ ಇದ್ದೆ. ಎರಡನೆಯ ಸಲ ಬಂದಳಾ ಎಂದು ಕೇಳಿದೆ, ನೋಡಿದಳಾ ಎಂದು ಕೇಳಿದೆ. ಕುಡಿದೆಯಾ ಎಂದು ಕೇಳಲಿಲ್ಲ.

ಆರೋಗ್ಯ ಕಚೇರಿಗೆ ನೀನು ಬರೆದ ದೂರು ಬಂದ ದಿನ ಲಕೋಟೆ ನನ್ನ ಮೇಜಿನ ಮೇಲೆ ಸಂಜೆಯವರೆಗೆ ಇತ್ತು. ಒಳಗೆ ಏನಿದೆಯೆಂದು ನಾನು ತೆರೆಯದೆಯೇ ಬಲ್ಲೆ. ಇಟ್ಟುಕೊಳ್ಳಬಹುದಿತ್ತು. ಅಥವಾ ಅದರ ಜೊತೆಗೇ ಕಚೇರಿಯ ಒಳಗೆ ಹೋಗಿ ನಿಜ ಹೇಳಬಹುದಿತ್ತು. ಮೂವತ್ತೊಂದು ವರ್ಷದಲ್ಲಿ ಒಂದು ಕಾಗದವನ್ನೂ ತಡೆಹಿಡಿದವನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಅದೇ ಪ್ಯಾಡಿನಿಂದ ಠಸ್ಸೆ ಒತ್ತಿದೆ, ಗುಮಾಸ್ತನ ಕೈಗೆ ಕೊಟ್ಟು ಬಂದೆ. ನಿಯಮಕ್ಕಿಂತ ಒಳ್ಳೆಯ ಅಡಗುದಾಣ ಇಲ್ಲ.

ಡಿಸೆಂಬರಿನಲ್ಲಿ ಚಮಚದ ಅಕ್ಕನನ್ನು ಕೆಲಸದಿಂದ ತೆಗೆದುಹಾಕಿದರು. ಆ ಆದೇಶವೂ ನನ್ನ ಚೀಲದಲ್ಲೇ ಬಂತು. ನಾನೇ ಕೊಟ್ಟೆ, ಅವಳು ಸಹಿ ಹಾಕಿದಳು. ಮೂರು ದಿನ ಬಿಟ್ಟು ಕಚೇರಿಗೆ ಬಂದು ಚೀಲದ ಬೆಂಚಿನ ಮೇಲೆ ಕೂತಳು.

"ಅಂಚೆಯಣ್ಣ, ನಾನು ಬೆರಳು ನೋಡಿದ್ದೆ. ನನ್ನ ಕಣ್ಣಾರೆ."

"ಹೌದಮ್ಮ."

"ಗುರುತು ಇತ್ತು."

"ಇತ್ತು."

"ನಾನು ಹಾಕಿಲ್ಲ ಅಂದ್ರೆ ಮತ್ಯಾರು ಹಾಕಿದ್ದು? ರಾತ್ರಿಯೆಲ್ಲ ಅದೇ. ನನಗೇ ತಲೆ ಕೆಟ್ಟಿದೆಯಾ, ಕುಡಿಸದೆ ಹಚ್ಚಿದೆನಾ ಅಂತ."

ಆಗ ಬಟಾಣಿ ಬಂದಳು. ಮುಂಬಾಗಿಲಿನಿಂದಲೇ. ಮೇಜಿನ ಬಳಿ ಬಂದು ಪ್ಯಾಡನ್ನು ತಡವಿ, ಎಡಗೈ ಊರಿ, ಬಲಗೈಯಲ್ಲಿ ಠಸ್ಸೆಗೆ ಹುಡುಕಿದಳು. ಅಕ್ಕ ಆ ಎಡಗೈಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳು ಬಯ್ದಿದ್ದರೆ ನಿನಗೆ ಇಷ್ಟು ತಡವಾಗಿ ಬರೆಯುತ್ತಿರಲಿಲ್ಲ. "ಬರ್ತೀನಿ ಅಣ್ಣ" ಎಂದು ಎದ್ದು ಹೋದಳು.

ಮರುದಿನ ಎಲ್ಲವನ್ನೂ ಆರೋಗ್ಯ ಕಚೇರಿಗೆ ಬರೆದು ಕೊಟ್ಟೆ. ನಿನ್ನೆ ಉತ್ತರ ಬಂತು: ಪ್ರಕರಣ ಮುಕ್ತಾಯವಾಗಿದೆ.

ನೀನು ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ.

ಅಪ್ಪ

*

ಫೆಬ್ರವರಿ 27

ಅಪ್ಪಾ,

ಐದು ವಾರ ಬರೆಯಲಿಲ್ಲ. ನಾಲ್ಕು ಕಾಗದ ಹರಿದೆ. ಅದರಲ್ಲಿ ಏನಿತ್ತೆಂದು ನಿಮಗೆ ಗೊತ್ತು.

ಭಾನುವಾರ ಸೆಪ್ಟೆಂಬರಿನ ತನಕದ ನಿಮ್ಮ ಹಳೆಯ ಲಕೋಟೆಗಳನ್ನು ಸಾಲಾಗಿ ಜೋಡಿಸಿದೆ. ನಡುವೆ ಬಂದ ಚಿಕ್ಕಪುಟ್ಟವೂ ಸೇರಿ ಏಳು. ಮಾರ್ಚಿನದು ನಟ್ಟನಡುವೆ. ಏಪ್ರಿಲ್ ಕೂದಲಿನಷ್ಟು ಪಕ್ಕಕ್ಕೆ. ಜೂನಿನದು ಅಂಚು ಮುಟ್ಟಿದೆ. ಜುಲೈನದು ಅರ್ಧ ಹೊರಗೆ. ಆಗಸ್ಟಿನದು ಅಂಚೆಚೀಟಿಯನ್ನು ಮುಟ್ಟೇ ಇಲ್ಲ. ಸೆಪ್ಟೆಂಬರಿನದು ನನ್ನ ಹೆಸರಿನ ಮೇಲೆ ಬಿದ್ದಿದೆ. ಮಬ್ಬಿನಲ್ಲಿ ಏನೂ ಕಾಣದೆ, ಸದ್ದಿನ ಅಂದಾಜಿನ ಮೇಲೆ ಒತ್ತಿದ್ದಾಳೆ. ಏಳನೆಯದು ನೀವು "ಬಾ" ಅಂತ ಬರೆದದ್ದು. ಅದು ನಿಮ್ಮ ಕೈ, ಗುರುತು ಹಿಡಿಯಬಹುದು.

ಆರು ತಿಂಗಳು ಅವಳು ನನಗೆ ಬರೆಯುತ್ತಲೇ ಇದ್ದಳು. ನಾನು ನಿಮ್ಮ ಕೈ ನಡುಗುತ್ತಿದೆ ಅಂದುಕೊಂಡೆ. ದಿನಕ್ಕೆ ಸಾವಿರ ಮೊಟ್ಟೆಯ ಒಳಗೆ ನೋಡುವವಳು ನಾನು. ಬಿಸಿಲಿನಿಂದ ಬಂದ ಹೊಸಬರು ಗೋಡೆ ತಡವುವುದನ್ನು ನಾನೇ ನಿಮಗೆ ಬರೆದಿದ್ದೆ. ಬಕೆಟ್ಟಿನ ಕಥೆಗೆ ನಕ್ಕಿದ್ದೆ.

ನಿಮ್ಮನ್ನು ಕ್ಷಮಿಸಿದೆ ಅಂತ ಇದನ್ನು ಓದಬೇಡಿ. ಕ್ಷಮಿಸಿಲ್ಲ ಅಂತಲೂ ಓದಬೇಡಿ.

ಚಮಚದ ಅಕ್ಕನ ವಿಳಾಸ ಕಳಿಸಿ. ಅವಳ ಜಾಗಕ್ಕೆ ಯಾರು ಬಂದರು? ಈ ತಿಂಗಳು ಬರಬೇಕಿತ್ತಲ್ಲ.

ನಿಮ್ಮ ಮಗಳು

*

ಮಾರ್ಚ್ 20

ಮಗಳೇ,

ಯಾರೂ ಬಂದಿಲ್ಲ. ಚೀಟಿಗಳೂ ಬಂದಿಲ್ಲ. ಆರೋಗ್ಯ ಕಚೇರಿಗೆ ಎರಡು ಸಲ ಹೋಗಿ ಕೇಳಿದೆ. "ಹುದ್ದೆ ಖಾಲಿ ಇದೆ ಮಾಸ್ತರೇ, ಔಷಧಿ ಬಂದಿದೆ" ಎಂದು ಗುಮಾಸ್ತ ಬೀರು ತೆರೆದು ತೋರಿಸಿದ. ಬಾಟಲಿಗಳು ಇವೆ. ಚಮಚಗಳೂ ಇವೆ. ಕುಡಿಸುವ ಅಧಿಕಾರ ಅವನಿಗಿಲ್ಲ, ನನಗಂತೂ ಇಲ್ಲ. ಅಕ್ಕ ಮನೆ ಖಾಲಿ ಮಾಡಿದ್ದಾಳೆ. ಹೊಸ ವಿಳಾಸ ಅಂಚೆ ಕಚೇರಿಗೂ ಕೊಟ್ಟಿಲ್ಲ. ಅವಳ ಹೆಸರಿಗೆ ಬಂದ ಎರಡು ಕಾಗದ ನನ್ನಲ್ಲೇ ಇವೆ.

ಪ್ಯಾಡನ್ನು ಬೀಗ ಹಾಕಿ ಇಟ್ಟಿದ್ದೇನೆ. ಬಟಾಣಿಗೆ ಹಳೆಯ ಠಸ್ಸೆಯೊಂದನ್ನು ಕೊಟ್ಟಿದ್ದೇನೆ, ಶಾಯಿಯಿಲ್ಲದ್ದು. ಒತ್ತುತ್ತಾಳೆ, ಬಲಗಣ್ಣು ಹತ್ತಿರ ತಂದು ನೋಡುತ್ತಾಳೆ. "ಅಜ್ಜ, ಇದು ಬರಲ್ಲ" ಅನ್ನುತ್ತಾಳೆ. ಬೆರಳುಗಳು ಈಗ ಬೆಳ್ಳಗಿವೆ.

ನಾನು ಬಟವಾಡೆಯ ಹೊತ್ತನ್ನು ಬದಲಿಸಿದ್ದೇನೆ. ಬೆಳಿಗ್ಗೆ ಕೊಡಬೇಕಾದ ಕಾಗದಗಳನ್ನು ಸಂಜೆಗೆ ಇಟ್ಟುಕೊಳ್ಳುತ್ತೇನೆ. ತಡೆಹಿಡಿದಂತೆಯೇ ಲೆಕ್ಕ. ಹೊತ್ತು ಮುಳುಗುವಾಗ ಬೀದಿಬೀದಿ ನಡೆಯುತ್ತೇನೆ. ಓಡುವ ಮಕ್ಕಳನ್ನು ಕಂಡರೆ ಮುಂದಿನ ಮನೆಗೆ ಹೋಗುತ್ತೇನೆ. ಜನರಿಗೆ ಕೋಪ ಬಂದಿದೆ. "ಏನ್ರೀ ಅಂಚೆಯಣ್ಣ, ಕಾಗದ ಕೊಡೋದಕ್ಕೆ ದೀಪ ಹಚ್ಚಬೇಕಾ?"

ನಿನ್ನೆ ಕೆಳಬೀದಿಯ ಕೊನೆಯ ಮನೆ. ತಾಯಿ ಅಂಗಳದಲ್ಲಿ ಮಡಕೆ ತೊಳೆಯುತ್ತಿದ್ದಳು. ಎರಡು ವರ್ಷದ ಮಗುವೊಂದು ಹೊಸ್ತಿಲ ಒಳಗೆ ಕೂತಿತ್ತು. ತಂಟೆ ಮಾಡುವುದಿಲ್ಲವೇ ಎಂದು ಕೇಳಿದೆ. "ಅಯ್ಯೋ ಇಲ್ಲ, ನಿಮ್ಮ ಮೊಮ್ಮಗಳು ಕೂರ್ತಿದ್ದಳಲ್ಲ, ಹಾಗೇ. ಸಂಜೆಯಾದರೆ ಕೂರಿಸಿದ ಕಡೆ ಕೂತಿರುತ್ತೆ. ಚಿನ್ನದಂಥದ್ದು" ಎಂದಳು. ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ನಾಳೆಯೇ, ಎಂದೆ. ಅವಳು ನಕ್ಕಳು. "ಬೆಳಿಗ್ಗೆ ಬಂದು ನೋಡಿ, ಹೇಗೆ ಓಡುತ್ತೆ! ಇದಕ್ಕೇನು ಕಾಯಿಲೆ?" ನಾನು ಬಟಾಣಿಯ ವಿಷಯ ಹೇಳತೊಡಗಿದೆ. ಅದು ದಡಾರದಿಂದ ಆದದ್ದಲ್ಲವೇ ಎಂದಳು. ಅಲ್ಲ ಎಂದೆ. ಮಡಕೆ ಕವುಚಿಟ್ಟು ಒಳಗೆ ಹೋದಳು. ಗಂಡ ಬರಲಿ, ಕೇಳುತ್ತೇನೆ ಎಂದಳು. ಅವನು ಬರುವುದು ಮುಂದಿನ ತಿಂಗಳು.

ನಾಳೆ ಕಚೇರಿಯ ಬಾಗಿಲು ತೆರೆಯುವುದಿಲ್ಲ. ಮೊದಲ ಬಸ್ಸಿಗೆ ಮುಂಚೆ ಅವಳ ಮನೆಯ ಮುಂದೆ ನಿಲ್ಲುತ್ತೇನೆ. ಅವಳು ಬರುವುದಿಲ್ಲವೆಂದರೆ ಏನು ಮಾಡಬೇಕೆಂದು ನನಗೆ ತಿಳಿಯದು.

ಅವಳು ಒಳಗೆ ಹೋದ ಮೇಲೆ ಹೊಸ್ತಿಲ ಬಳಿ ಕುಕ್ಕರಗಾಲಿನಲ್ಲಿ ಕೂತೆ. ಚೀಲದಿಂದ ಒಂದು ಬಿಳಿಯ ಲಕೋಟೆ ತೆಗೆದು ಮಗುವಿನ ಮುಖದ ಮುಂದೆ ಹಿಡಿದೆ. "ತಗೋ" ಎಂದೆ. ಮಗು ನನ್ನ ದನಿ ಬಂದ ಕಡೆ ತಿರುಗಿ ತುಂಬ ಚೆನ್ನಾಗಿ ನಕ್ಕಿತು. ಕೈ ಚಾಚಲಿಲ್ಲ.

ಅಪ್ಪ